ಕೊಂಚೆತ್ತಾ ಏಕೆ ಅತ್ತಳು

27 ಸೆಪ್ಟೆಂಬರ್ 2025, ಶನಿವಾರ

ಇಟಲಿಯ ನಟಿ ಕ್ಲಾಡಿಯಾ ಕಾರ್ಡಿನಾಲೆ ಈ ವಾರ ತೀರಿಕೊಂಡರು. 87 ವರ್ಷ. ಅವರ ಜೊತೆ ನಟಿಸಿದ ಅಲೆನ್ ಡೆಲಾನ್ ಕಳೆದ ವರ್ಷವೇ ಹೋದರು. ಸುದ್ದಿ ಓದಿದಾಗಿನಿಂದ ಕಾರ್ಡಿನಾಲೆ ಮಾಡಿದ ಆಂಜೆಲಿಕಾಳ ಆ ನಗು ಕಿವಿಯಲ್ಲೇ ಇತ್ತು. ಇವತ್ತು ಊಟ ಮುಗಿದ ಮೇಲೆ ಅವರಿಬ್ಬರೂ ಇರುವ, ನಿರ್ದೇಶಕ ವಿಸ್ಕೊಂಟಿಯ ‘ದಿ ಲೆಪರ್ಡ್’ ಹಾಕಿಕೊಂಡು ಕುಳಿತೆ. ಇಟಾಲಿಯನ್ ಧ್ವನಿಯಲ್ಲಿರುವ, ಮೂರು ಗಂಟೆಗೂ ಮೀರಿದ ಪ್ರತಿ. 1963ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಅತ್ಯುನ್ನತ ಪ್ರಶಸ್ತಿ ಪಾಮ್ ದೋರ್ ಗೆದ್ದ ಚಿತ್ರವನ್ನು ಅಮೆರಿಕದ ವಿತರಕರು ಕತ್ತರಿಸಿ, ಇಂಗ್ಲಿಷ್ ಮಾತು ಅಂಟಿಸಿ ಬಿಡುಗಡೆ ಮಾಡಿದ್ದರಲ್ಲ, ಅದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಸಿಸಿಲಿಯ ರಾಜಕುಮಾರ ದೊನ್ ಫಾಬ್ರಿಜಿಯೊನ ಹಳ್ಳಿಯರಮನೆ ಇರುವ ದೊನ್ನಾಫುಗಾತಾದ ಊಟದ ದೃಶ್ಯ ಬರುವ ಹೊತ್ತಿಗೆ ಅತ್ತಿಗೆ ಬಂದು ಪಕ್ಕದಲ್ಲಿ ಕುಳಿತರು. ಇಟಲಿಯ ಏಕೀಕರಣಕ್ಕೆ ಹೋರಾಡಿದ ಗರಿಬಾಲ್ಡಿಯ ಪಡೆಯಲ್ಲಿದ್ದು ಬಂದ, ಫಾಬ್ರಿಜಿಯೊನ ಸೋದರಳಿಯ ತಾಂಕ್ರೆದಿ (ಡೆಲಾನ್) ಪಲೆರ್ಮೋ ನಗರದ ಹೋರಾಟದ ಕಥೆ ಹೇಳುತ್ತಾನೆ: ಕಾನ್ವೆಂಟಿಗೆ ನುಗ್ಗಿದ್ದು, ಮುದುಕಿ ಸನ್ಯಾಸಿನಿಯರು ಹೆದರಿದ್ದು, ಮೇಲೊಂದು ಅಸಭ್ಯ ಚಟಾಕಿ. ಹೊಸ ಹಣವಂತ ಸೆದಾರಾನ ಮಗಳು ಆಂಜೆಲಿಕಾ ತಡೆಯಿಲ್ಲದೆ ನಗುತ್ತಾಳೆ. ಸುತ್ತಲಿನವರು ಬೆಪ್ಪಾದರೂ ಆ ನಗು ನಿಲ್ಲುವುದಿಲ್ಲ. ಫಾಬ್ರಿಜಿಯೊನ ಮಗಳು ಕೊಂಚೆತ್ತಾ ಕಣ್ಣಲ್ಲಿ ನೀರು ತುಂಬಿಕೊಂಡು ತಾಂಕ್ರೆದಿಯನ್ನು ಗದರುತ್ತಾಳೆ.

“ನಗುವವಳನ್ನು ಬಿಡು, ಆ ಹುಡುಗಿ ಏಕೆ ಅಳುತ್ತಾಳೆ?” ಎಂದರು ಅತ್ತಿಗೆ.

“ತಾಂಕ್ರೆದಿಯನ್ನು ಮೆಚ್ಚಿದ್ದಾಳೆ. ಅವನು ಇನ್ನೊಬ್ಬಳ ಕಡೆ ವಾಲುತ್ತಿರುವುದು ಕಾಣಿಸುತ್ತಿದೆ.”

“ಅದು ನನಗೂ ಗೊತ್ತಾಯಿತು. ಆಮೇಲೆ ಅವಳಿಗೇನಾಯಿತು?”

ಉತ್ತರ ಚಿತ್ರದಲ್ಲಿಲ್ಲ. ಚಿತ್ರಕ್ಕೆ ಆಧಾರವಾದ ಲಾಂಪೆದೂಸಾನ ಕಾದಂಬರಿಯಲ್ಲಿದೆ. ಕಥೆ 1860ರ ಮೇ ತಿಂಗಳಲ್ಲಿ ಶುರುವಾಗಿ 1862ರ ನೃತ್ಯಕೂಟಕ್ಕೆ ಬರುತ್ತದೆ, ಅಲ್ಲಿಂದ 1883ಕ್ಕೆ, ದೊನ್ ಫಾಬ್ರಿಜಿಯೊನ ಸಾವಿಗೆ ಜಿಗಿಯುತ್ತದೆ, ಕೊನೆಗೆ 1910ಕ್ಕೆ. ಆ ಕೊನೆಯ ಅಧ್ಯಾಯದಲ್ಲಿ ಕೊಂಚೆತ್ತಾ ಮದುವೆಯಾಗದ ವೃದ್ಧೆ. ತಾಂಕ್ರೆದಿಯ ಹಳೆಯ ಒಡನಾಡಿಯೊಬ್ಬ ಮನೆಗೆ ಬಂದು ಮಾತಿಗೆ ಮಾತು ಬಂದು ಹೇಳಿಬಿಡುತ್ತಾನೆ: ಆ ಕಾನ್ವೆಂಟಿನ ಕಥೆ ಶುದ್ಧ ಸುಳ್ಳು, ತಾಂಕ್ರೆದಿಯೇ ಕಟ್ಟಿದ್ದು, ಸಿಟ್ಟಿನಿಂದ ಕಣ್ಣು ತುಂಬಿಕೊಂಡ ಹುಡುಗಿ ಎಷ್ಟು ಮುದ್ದಾಗಿ ಕಂಡಳೆಂದರೆ ಎಲ್ಲರೆದುರೇ ಮುತ್ತಿಡಬೇಕು ಅನ್ನಿಸಿತ್ತಂತೆ ಅವನಿಗೆ. ಅರ್ಧ ಶತಮಾನ ದ್ವೇಷಿಸುತ್ತ ಬಂದದ್ದಕ್ಕೆ ಆಧಾರವೇ ಇರಲಿಲ್ಲ ಎಂದು ಅವಳಿಗೆ ತಿಳಿಯುವುದು ಆಗ.

ಇದನ್ನು ಹೇಳಿದಾಗ ಅತ್ತಿಗೆ ಸುಮ್ಮನಾಗಲಿಲ್ಲ. “ಇಷ್ಟು ದೊಡ್ಡದನ್ನು ಬಿಟ್ಟು ಕುಣಿಯುವುದನ್ನೇ ಅಷ್ಟು ಹೊತ್ತು ತೋರಿಸಿದರೆ ಹೇಗೆ?” ಎಂದು ಜೋರು ಮಾಡಿದರು. ನ್ಯಾಯವಾದ ಪ್ರಶ್ನೆ. ನೃತ್ಯಕೂಟ ಚಿತ್ರದ ಸುಮಾರು ಮುಕ್ಕಾಲು ಗಂಟೆ ನುಂಗುತ್ತದೆ. ಪಲೆರ್ಮೋದ ಗಾಂಜಿ ಅರಮನೆಯಲ್ಲೇ ಚಿತ್ರೀಕರಿಸಿದ್ದು. ಸೆಕೆಗೆ ಬೀಸಣಿಗೆ ಬೀಸುವ ಹೆಂಗಸರು, ಬೆವರೊರೆಸಿಕೊಳ್ಳುವ ಗಂಡಸರು, ಒಂದು ಕೋಣೆಯ ತುಂಬ ಮೂತ್ರದ ಪಾತ್ರೆಗಳು. ನೋಡುವವರಿಗೂ ಕಾಲು ನೋಯುವಷ್ಟು ದೀರ್ಘ. ಆದರೆ ವಿಸ್ಕೊಂಟಿ ಬಿಟ್ಟ 1883ರ ಸಾವು ಅಲ್ಲೇ ಇದೆ ಎಂದು ನಾನು ವಾದಿಸಿದೆ. ಗ್ರಂಥಾಲಯದಲ್ಲಿ ಫ್ರೆಂಚ್ ಚಿತ್ರಕಾರ ಗ್ರೂಜ್‌ನ ಮರಣಶಯ್ಯೆಯ ಚಿತ್ರದ ಮುಂದೆ ನಿಂತ ಫಾಬ್ರಿಜಿಯೊ, ಆಮೇಲೆ ಕನ್ನಡಿಯ ಮುಂದೆ ಆ ಪಾತ್ರ ಮಾಡಿದ ಬರ್ಟ್ ಲ್ಯಾಂಕಾಸ್ಟರನ ಆ ಕಣ್ಣೀರು: ಇಪ್ಪತ್ತು ವರ್ಷ ಮುಂದಿನದ್ದೆಲ್ಲ ಆ ಒಂದು ಮುಖದಲ್ಲಿ ಬಂದುಬಿಟ್ಟಿದೆ. ಅದಕ್ಕೂ ಮೊದಲು, ದೊನ್ನಾಫುಗಾತಾದ ಇಗರ್ಜಿಯಲ್ಲಿ ಪ್ರಯಾಣದ ಧೂಳು ಮೆತ್ತಿಕೊಂಡು ಕುಳಿತ ಇಡೀ ಕುಟುಂಬದ ಮೇಲೆ ಕ್ಯಾಮೆರಾ ಹಾಯುತ್ತದೆ. ಬದುಕಿರುವವರ ಮುಖಗಳಲ್ಲ ಅವು.

ಮುಗಿಸಿದ ರೀತಿಯೂ ನನಗೆ ಒಪ್ಪಿಗೆಯೇ. ಕಾದಂಬರಿಯಲ್ಲಿ ನೃತ್ಯ ಮುಗಿಸಿ ನಡೆದು ಬರುವ ಫಾಬ್ರಿಜಿಯೊನಿಗೆ ಎದುರಾಗುವುದು ಕಡಿದ ಹೋರಿಗಳನ್ನು ಹೊತ್ತ ಗಾಡಿ. ವಿಸ್ಕೊಂಟಿ ಅಲ್ಲಿ ಗುಂಡಿನ ಸದ್ದು ತಂದ. ಸೈನ್ಯ ಬಿಟ್ಟು ಗರಿಬಾಲ್ಡಿಯನ್ನು ಸೇರಿದವರನ್ನು ಬೆಳಗಿನ ಜಾವ ಕೊಲ್ಲುತ್ತಾರೆ; ಕುದುರೆಗಾಡಿಯಲ್ಲಿ ಮನೆಗೆ ಹೊರಟ ಸೆದಾರಾ ಆ ಸೈನ್ಯವನ್ನು ಮೆಚ್ಚಿಕೊಳ್ಳುತ್ತಾನೆ. ಒಂದು ಕಾಲಕ್ಕೆ ಗರಿಬಾಲ್ಡಿಯ ಜೊತೆಗಿದ್ದ ತಾಂಕ್ರೆದಿ ಅದೇ ಗಾಡಿಯಲ್ಲಿ ತೆಪ್ಪಗೆ ಕುಳಿತಿರುತ್ತಾನೆ. ಮಿಲಾನಿನ ಸಿರಿವಂತ ಮನೆತನದಲ್ಲಿ ಹುಟ್ಟಿ ಕಮ್ಯುನಿಸ್ಟನಾದ ವಿಸ್ಕೊಂಟಿ ಬಿಟ್ಟರೆ ಬೇರೆ ಯಾರೂ ಆ ಗಾಡಿಯನ್ನು ಹಾಗೆ ತೋರಿಸಲಾರರು.

“ಸರಿ, ಅಪ್ಪನ ಸಾವನ್ನು ಮುಖದಲ್ಲಿ ತೋರಿಸಿದ. ಮಗಳದ್ದನ್ನು ಎಲ್ಲಿ ತೋರಿಸಿದ?” ಎಂದರು ಅತ್ತಿಗೆ.

ಇಲ್ಲಿ ನನ್ನ ವಾದ ನಿಂತುಹೋಯಿತು. ನೃತ್ಯಕೂಟದಲ್ಲಿ ಕೊಂಚೆತ್ತಾಳಿಗೆ ಒಂದು ಮಾತು ಇದೆ, ನಿಜ. ಸೈನ್ಯ ಬಿಟ್ಟವರನ್ನು ಕೊಲ್ಲಿಸುವುದು ಸರಿಯೇ ಎನ್ನುವ ತಾಂಕ್ರೆದಿಗೆ, ಮೊದಲು ನೀನು ಹೀಗೆ ಮಾತನಾಡುತ್ತಿರಲಿಲ್ಲ ಎಂಬರ್ಥದ ಚುಚ್ಚು ಮಾತು. ಇಡೀ ಸಭೆಯಲ್ಲಿ ಅವನ ಬಣ್ಣ ಬಯಲು ಮಾಡುವವಳು ಅವಳೇ. ರಾಜಕೀಯದ ಸತ್ಯವನ್ನು ಅವಳ ಬಾಯಲ್ಲಿ ಹೇಳಿಸಿ, ಅವಳದೇ ಬದುಕಿನ ಸತ್ಯವನ್ನು ಅವಳಿಂದ ಕಿತ್ತುಕೊಂಡನೇ ವಿಸ್ಕೊಂಟಿ? ಅಷ್ಟು ದೂರ ಹೋಗುವುದು ತಪ್ಪೇನೋ. 1910 ಇಲ್ಲದೆ ಹೋದರೆ ಊಟದ ಮೇಜಿನ ಆ ಕಣ್ಣೀರು ಬರಿಯ ಹೊಟ್ಟೆಕಿಚ್ಚಾಗಿ ಉಳಿಯುತ್ತದೆ. ಅದು ಮಾತ್ರ ನಷ್ಟವೇ, ಎಷ್ಟು ವಾದಿಸಿದರೂ.

ಅತ್ತಿಗೆ ಕಾದಂಬರಿ ತೆಗೆದುಕೊಂಡು ಹೋದರು. ಕೊನೆಯ ಅಧ್ಯಾಯದಿಂದಲೇ ಓದುತ್ತಾರಂತೆ, ಬೇಡವೆಂದರೂ ಕೇಳಲಿಲ್ಲ.

ಊಟದ ದೃಶ್ಯವನ್ನು ಇನ್ನೊಮ್ಮೆ ನೋಡಬೇಕು. ಇಷ್ಟು ಸಲವೂ ನಾನು ಆಂಜೆಲಿಕಾಳನ್ನೇ ನೋಡಿದ್ದು, ಚಿತ್ರವೂ ಅವಳನ್ನೇ ತೋರಿಸುತ್ತದೆ. ತಾಂಕ್ರೆದಿ ಹೇಳುತ್ತಿರುವುದು ಸುಳ್ಳು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಡೆಲಾನನ ಮುಖವನ್ನೊಂದೇ ನೋಡಿದರೆ, ಅವನ ಕಣ್ಣು ಒಂದು ಕ್ಷಣವಾದರೂ ಕೊಂಚೆತ್ತಾಳ ಕಡೆಗೆ ಹೊರಳುತ್ತದೆಯೇ?