ಎಂಟು ಪ್ರಶ್ನೆ ಚಿಹ್ನೆ

ಬದಿಯಡ್ಕದ ಹತ್ರ ನಮ್ಮದೊಂದು ಅಡಿಕೆ ತೋಟ ಉಂಟು, ಅದರ ದಾಖಲೆಯಲ್ಲಿ ಅಪ್ಪನ ಹೆಸರು ತಪ್ಪಿ ಬಿದ್ದಿದೆ, ಸರಿ ಮಾಡಿಕೊಡಿ ಅಂತ ಹೋದ ತಿಂಗಳು ಒಂದು ಅರ್ಜಿ ಈಮೇಲಲ್ಲಿ ಕಳಿಸಿದೆ. ಸಬ್ಜೆಕ್ಟ್ ಕನ್ನಡದಲ್ಲೇ ಹಾಕಿದ್ದೆ, "ಕಾಸರಗೋಡು ಜಿಲ್ಲೆ, ಹೆಸರು ತಿದ್ದುಪಡಿ ಬಗ್ಗೆ" ಅಂತ. ಎರಡು ದಿವಸ ಕಳೆದು ಉತ್ತರ ಬಂತು, ಅರ್ಜಿ ಸಿಕ್ಕಿದೆ ಅಂತ ಇಂಗ್ಲಿಷಲ್ಲಿ ಒಂದು ಸಾಲು, ಅದರ ಕೆಳಗೆ ವಿಷಯ ಅಂತ ಇದ್ದಲ್ಲಿ ಹೀಗೆ:

???????? ??????, ????? ????????? ?????

ಚಾವಡಿಯಲ್ಲಿ ಕೂತಿದ್ದ ಅಪ್ಪನಿಗೆ ಮೊಬೈಲ್ ತೋರಿಸಿದೆ. "ಇಷ್ಟೊಂದು ಪ್ರಶ್ನೆ ಎಂತಕ್ಕೆ ಹಾಕಿದ್ದು ಅವ್ರು, ನಾವು ಇನ್ನೂ ಎಂತಾದ್ರೂ ಕಾಗದ ಕೊಡ್ಲಿಕ್ಕುಂಟಾ ಮಗಾ?" ಅಂತ ಕೇಳಿದ್ರು. ನಂಗೆ ಬೇಜಾರಾಯ್ತು.

ಎಣಿಸಿ ನೋಡಿ. ಕಾಸರಗೋಡು ಅಂತ ನಾವು ಓದುವಾಗ ಐದು ಅಕ್ಷರ, ಅಲ್ಲಿ ಪ್ರಶ್ನೆ ಚಿಹ್ನೆ ಎಂಟು, ಯಾಕಂದ್ರೆ ಎಲ್ಲಾ ಭಾಷೆಯ ಅಕ್ಷರ, ಚಿಹ್ನೆಗಳಿಗೂ ಒಂದೊಂದು ನಂಬ್ರ, ಅಂದ್ರೆ ಕೋಡ್, ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಕಾ ಅಂದ್ರೆ ಕ ಬೇರೆ ದೀರ್ಘ ಬೇರೆ, ಗೋ, ಡು ಸಹ ಹಾಗೇ ಎರಡೆರಡು. ಕಾಮ, ಸ್ಪೇಸ್ ಮಾತ್ರ ಇದ್ದಲ್ಲೇ ಉಳ್ಕೊಂಡಿದೆ. ಅಂದ್ರೆ ನನ್ನ ಮೇಲ್ ಅಲ್ಲಿವರೆಗೆ ಸರಿಯಾಗಿಯೇ ಹೋಗಿದೆ, ಒಳಗೆ ಯಾವುದೋ ಹಳೇ ಸಾಫ್ಟ್‌ವೇರ್ ತನಗೆ ಗೊತ್ತಿಲ್ಲದ ಪ್ರತಿಯೊಂದಕ್ಕೂ ಒಂದೊಂದು ಪ್ರಶ್ನೆ ಚಿಹ್ನೆ ಹಾಕಿ ಕೂತಿದೆ.

ಇನ್ನೊಂದು ನಮೂನೆಯ ಗಲಾಟೆಯೂ ನೀವು ನೋಡಿರ್ತೀರಿ, ತಲೆ ಮೇಲೆ ಗೀಟು ಇರುವ ಇಂಗ್ಲಿಷ್ ಎ, ಅದರ ಬೆನ್ನಿಗೆ ಸಣ್ಣ 2 ಅಥವಾ 3, ಮತ್ತೆ ಎಂತದೋ ಒಂದು, ಸಾಲಿಡೀ ಅದೇ. ಅದು ನೋಡ್ಲಿಕ್ಕೆ ಹೆಚ್ಚು ಅಸಹ್ಯ, ಆದ್ರೆ ಅದನ್ನು ರಿಪೇರಿ ಮಾಡ್ಲಿಕ್ಕಾಗ್ತದೆ. ಆ ಕೋಡುಗಳನ್ನು ಕಂಪ್ಯೂಟರಲ್ಲಿ ಬರ್ದಿಡುವ ಯುಟಿಎಫ್-8 ಅನ್ನುವ ಕ್ರಮದಲ್ಲಿ ಕನ್ನಡದ ಒಂದೊಂದು ಕೋಡಿಗೂ ಮೂರು ಬೈಟ್, ಅಂದ್ರೆ ಮೂರು ತುಣುಕು, ಮೊದಲಿನದ್ದು ಯಾವಾಗಲೂ ಒಂದೇ, ಎರಡನೆಯದ್ದು ಎರಡೇ ನಮೂನೆ, ಯುರೋಪಿನ ಭಾಷೆಗಳ ಹಳೇ ಅಕ್ಷರಪಟ್ಟಿ ಹಿಡ್ಕೊಂಡು ಓದಿದ್ರೆ ಹಾಗೆ ಕಾಣುದು. ಬೈಟ್ ಹಾಳಾಗಿರುದಿಲ್ಲ. ಪ್ರಶ್ನೆ ಚಿಹ್ನೆ ಆದ ಮೇಲೆ ಮಾತ್ರ ಎಂತದೂ ಮಾಡ್ಲಿಕ್ಕಿಲ್ಲ, ಅಕ್ಷರ ಹೋಯ್ತು.

ನಿಯಮ ಇಲ್ಲ ಅಂತಲ್ಲ. 1982ರಲ್ಲಿ ಈಮೇಲಿನ ನಿಯಮ ಬರೆದಾಗ ಒಂದು ಅಕ್ಷರಕ್ಕೆ 7 ಬಿಟ್ (0 ಅಥವಾ 1), ಅಂದ್ರೆ ಒಟ್ಟು 128 ಅಕ್ಷರಕ್ಕೆ ಜಾಗ, ಇಂಗ್ಲಿಷಿಗೆ ಸಾಕಾಗುವಷ್ಟೇ. ಆ ದಾರಿಯನ್ನು ಒಡೆಯುದು ಬೇಡ ಅಂತ 1992ರಲ್ಲಿ ಮೈಮ್ ಬಂತು, ಬೇರೆ ಭಾಷೆಯ ಅಕ್ಷರವನ್ನು ಇಂಗ್ಲಿಷ್ ಅಕ್ಷರ, ಅಂಕೆಗಳಾಗಿ ಕಟ್ಟಿ ಕಳಿಸುವ ಉಪಾಯ. ಸಬ್ಜೆಕ್ಟಲ್ಲಿ ಅಂತಹ ಒಂದು ಕಟ್ಟು 75 ಅಕ್ಷರ ಮೀರ್ಬಾರ್ದು ಅಂತ ಉಂಟು, ಹಾಗೆ ಕಟ್ಟುವ ಮಾಮೂಲಿ ಕ್ರಮವಾದ ಬೇಸ್64ರಲ್ಲಿ ಲೆಕ್ಕ ಹಾಕಿದ್ರೆ ಕನ್ನಡಕ್ಕೆ ಒಂದು ಕಟ್ಟಲ್ಲಿ ಸಿಗುದು ಬರೇ 15 ಕೋಡ್, ಕಾಸರಗೋಡು ಒಂದಕ್ಕೇ ಎಂಟು ಬೇಕು, ಮತ್ತೆ ನಮ್ಮ ಸಬ್ಜೆಕ್ಟುಗಳು ಮೂರು ನಾಲ್ಕು ತುಂಡಾಗದೆ ಹೇಗೆ! ಅಕ್ಷರದ ನಡುವಲ್ಲಿ ಕಡಿಬಾರ್ದು ಅಂತ ನಿಯಮದಲ್ಲೇ ಬರ್ದಿದೆ, ಅದನ್ನು ಓದದೆ ಪ್ರೋಗ್ರಾಂ ಬರ್ದವರು ಮೂರು ಬೈಟಿನ ನಡುವೆಯೇ ಕಡೀತಾರೆ. ವಿಳಾಸವನ್ನೇ ಕನ್ನಡದಲ್ಲಿ ಇಟ್ಕೊಳ್ಳುವ ನಿಯಮವೂ 2012ರಲ್ಲಿ ಬಂದಾಗಿದೆ.

ನಮ್ಮಂತ ಗಡಿಯವರಿಗೆ ಇನ್ನೊಂದು ತೊಂದರೆ ಉಂಟು. ನನ್ನ ಇನ್‌ಬಾಕ್ಸಲ್ಲಿ ಅರ್ಧ ಕನ್ನಡ ಅರ್ಧ ಮಲಯಾಳ. ಕನ್ನಡದ ಗೋ ಅನ್ನು ಒಂದೇ ಸ್ವರಚಿಹ್ನೆ ಹಾಕಿ ಬರೀಬಹುದು, ತುಂಡು ತುಂಡು ಜೋಡಿಸಿಯೂ ಬರೀಬಹುದು, ಎರಡೂ ಒಂದೇ ಅಂತ ಯೂನಿಕೋಡ್ ಒಪ್ಪಿದೆ. ಆದ್ರೆ ಮಲಯಾಳದಲ್ಲಿ ನಮ್ಮ ಊರಿನ ಹೆಸರಲ್ಲಿ ಒಂದು ಅರ್ಧ ರ ಬರ್ತದೆ, ಚಿಲ್ಲು ಅಂತಾರೆ, 2008ಕ್ಕಿಂತ ಮೊದಲು ಅದನ್ನು ರ, ಚಂದ್ರಕ್ಕಲ (ಅಕ್ಷರವನ್ನು ಅರ್ಧ ಮಾಡುವ ಮಲಯಾಳದ ಚಿಹ್ನೆ), ಕಣ್ಣಿಗೆ ಕಾಣದ ಒಂದು ಜೋಡಕ ಸೇರಿಸಿ ಬರೀತಿದ್ರು, ಆ ವರ್ಷ ಅದಕ್ಕೆ ಸ್ವಂತ ಕೋಡ್ ಸಿಕ್ಕಿತು. ನೋಡ್ಲಿಕ್ಕೆ ಎರಡೂ ಒಂದೇ, ಆದ್ರೆ ಇವೆರಡು ಒಂದೇ ಅಂತ ಯೂನಿಕೋಡ್ ಹೇಳುದಿಲ್ಲ. ಹಳೇ ಮೇಲುಗಳಲ್ಲಿ ಊರಿನ ಹೆಸರು ಹುಡುಕಿದ್ರೆ ಸಿಗುದಿಲ್ಲ, ಕಣ್ಣೆದುರು ಇದ್ದರೂ. ಅದೇ ಕಾಣದ ಜೋಡಕ ಕನ್ನಡದ ರ‍್ಯಾಂಕಿಗೂ ಬೇಕು, ಅನಾವಶ್ಯಕ ಅಂತ ಯಾವುದಾದ್ರೂ ಪ್ರೋಗ್ರಾಂ ಅದನ್ನು ತೆಗೆದು ಹಾಕಿದ್ರೆ ರ್ಯಾಂಕ್ ಅಂತಾಗಿ ಅರ್ಕಾವೊತ್ತು ಬಂದು ಕೂರ್ತದೆ.

ಇದು ಬರೇ ಕಂಪ್ಯೂಟರಿನವರ ತಲೆನೋವು ಅಂತ ನಂಗೆ ಅನಿಸುದಿಲ್ಲ. 1956ರಲ್ಲಿ ನಾವು ಕೇರಳಕ್ಕೆ ಸೇರಿದ ಮೇಲೆ ಕನ್ನಡದಲ್ಲಿ ಅರ್ಜಿ ಕೊಡ್ಲಿಕ್ಕೆ, ಕನ್ನಡದಲ್ಲಿ ಉತ್ತರ ತಗೊಳ್ಳಿಕ್ಕೆ ಹಿರಿಯರು ಎಷ್ಟು ಓಡಾಡಿದ್ದಾರೆ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದ್ರೂ ಅಹವಾಲು ಕೊಡಬಹುದು ಅಂತ ಸಂವಿಧಾನದ 350ನೇ ವಿಧಿಯಲ್ಲೇ ಉಂಟು. ಕೌಂಟರಲ್ಲಿ ಕೂತವರು ಕನ್ನಡ ಬೇಡ ಅಂದ್ರೆ ಎದುರು ನಿಂತು ಮಾತಾಡಬಹುದಿತ್ತು, ಇಲ್ಲಿ ಬೇಡ ಅಂತ ಯಾರೂ ಹೇಳಿಲ್ಲ, ಅಕ್ಷರ ಮಾತ್ರ ಇಲ್ಲ.

ಮೊನ್ನೆ ಅರ್ಜಿ ಪುನಃ ಕಳಿಸಿದೆ. ಇಂಗ್ಲಿಷಲ್ಲಿ ಸಬ್ಜೆಕ್ಟ್ ಹಾಕು ಅಂತ ತಮ್ಮ ಹೇಳಿದ, ನಾನು ಹಾಕಿಲ್ಲ. ಕನ್ನಡದ್ದನ್ನೇ ಇಟ್ಟು, ಆ ಪ್ರಶ್ನೆ ಚಿಹ್ನೆಯ ಸ್ಕ್ರೀನ್‌ಶಾಟ್ ಜೊತೆಗೆ ಹಾಕಿ, ಈ ಎಂಟರ ಜಾಗದಲ್ಲಿ ಕಾಸರಗೋಡು ಅಂತ ಇತ್ತು, ನಿಮ್ಮ ಸಾಫ್ಟ್‌ವೇರಿನವರಿಗೆ ತಿಳಿಸಿ ಅಂತ ಬರ್ದಿದ್ದೇನೆ.