ನಾಸ್ತಿಕರಿಗೆ ಯಾವತ್ತಾದರೂ ದೇವರಲ್ಲಿ ನಂಬಿಕೆ ಬರುತ್ತದಾ?

ನಾನು ನಾಸ್ತಿಕ ಅಂತ ಗೊತ್ತಾದ ಮೇಲೆ ‘ಯಾಕೆ’ ಅಂತ ಕೇಳುವವರು ಕಡಿಮೆ. ಜಾಸ್ತಿ ಜನ ಕೇಳುವುದು ಇನ್ನೊಂದು ಪ್ರಶ್ನೆ: “ಮುಂದೆ ಯಾವತ್ತಾದರೂ ನಂಬಿಕೆ ಬರಬಹುದಾ? ನಾಸ್ತಿಕರು ಆಸ್ತಿಕರಾಗಿದ್ದು ಉಂಟಾ?” ಕೆಲವರದ್ದು ನಿಜವಾದ ಕುತೂಹಲ. ಕೆಲವರದ್ದು “ಕಷ್ಟ ಬರಲಿ, ಆಗ ನೋಡೋಣ” ಅನ್ನುವ ಧಾಟಿ. ಇನ್ನು ಕೆಲವರ ಮನೆಯಲ್ಲೇ ಮಗನೋ ಮಗಳೋ ದೇವರಿಲ್ಲ ಅನ್ನೋಕೆ ಶುರು ಮಾಡಿರುತ್ತಾರೆ. ಪಾಪ, ಅವರಿಗೆ ನನ್ನಿಂದ ಬೇಕಾಗಿರುವುದು ಉತ್ತರ ಅಲ್ಲ, ಸ್ವಲ್ಪ ಧೈರ್ಯ.

ಉತ್ತರ ಚಿಕ್ಕದು. ಬರುತ್ತದೆ. ಎಷ್ಟೋ ಜನರಿಗೆ ಬಂದಿದೆ. ಇದನ್ನು ಒಪ್ಪಿಕೊಳ್ಳೋಕೆ ನನ್ನ ಕೆಲವು ನಾಸ್ತಿಕ ಗೆಳೆಯರಿಗೆ ಯಾಕೋ ಮುಜುಗರ. “ಅವನು ಮೊದಲೇ ಗಟ್ಟಿ ನಾಸ್ತಿಕ ಆಗಿರಲಿಲ್ಲ ಬಿಡು” ಅಂತ ತಳ್ಳಿಹಾಕುತ್ತಾರೆ. ನಂಬಿಕೆ ಬಿಟ್ಟವರ ಬಗ್ಗೆ ಭಕ್ತರು ಹೇಳುವುದೂ ಇದೇ ಮಾತು, ಅಲ್ವಾ? ಎರಡೂ ಕಡೆಯವರಿಗೆ ತಮ್ಮ ಗುಂಪಿನಿಂದ ಒಬ್ಬ ಎದ್ದು ಹೋದರೆ ತಡೆಯೋಕಾಗುವುದಿಲ್ಲ.

ಗಟ್ಟಿ ನಾಸ್ತಿಕ ಬೇಕಾದರೆ ಆಂಟನಿ ಫ್ಲೂ ಅವರನ್ನು ತೆಗೆದುಕೊಳ್ಳಿ. ಇಂಗ್ಲೆಂಡಿನ ತತ್ವಶಾಸ್ತ್ರಜ್ಞ. ದೇವರಿದ್ದಾನೆ ಅನ್ನುವವರು ಏನೇ ನಡೆದರೂ ತಮ್ಮ ಮಾತು ತಪ್ಪು ಅಂತ ಒಪ್ಪುವುದಿಲ್ಲ, ಹಾಗಾದರೆ ಆ ಮಾತಿಗೆ ಅರ್ಥವಾದರೂ ಏನು ಉಳಿಯಿತು ಅಂತ 1950ರಲ್ಲೇ ಕೇಳಿದವರು. ಅರ್ಧ ಶತಮಾನ ನಾಸ್ತಿಕರ ಪರವಾಗಿ ವಾದ ಮಾಡಿದರು. 2004ರಲ್ಲಿ, 81ನೇ ವಯಸ್ಸಿನಲ್ಲಿ, ಈ ವಿಶ್ವದ ಹಿಂದೆ ಒಂದು ಬುದ್ಧಿ ಇರಲೇಬೇಕು ಅಂತ ತಮಗೆ ಅನ್ನಿಸಿದೆ ಎಂದರು. ಜೀವಕೋಶದೊಳಗಿನ ಡಿಎನ್‌ಎಯ ಜಟಿಲತೆಯನ್ನು ಮುಖ್ಯ ಕಾರಣವಾಗಿ ಕೊಟ್ಟರು. ದೊಡ್ಡ ಸುದ್ದಿಯಾಯಿತು. ಆಸ್ತಿಕರು ಕುಣಿದಾಡಿದರು. 2007ರಲ್ಲಿ ಅವರ ಹೆಸರಲ್ಲಿ ಪುಸ್ತಕವೂ ಬಂತು, ಅದರಲ್ಲಿ ಅವರು ಬರೆದದ್ದೆಷ್ಟು, ಜೊತೆಗಾರರು ಬರೆದದ್ದೆಷ್ಟು ಅಂತ ಜಗಳವೂ ಆಯಿತು. ಆ ಜಗಳ ನನಗೆ ಅಷ್ಟು ಮುಖ್ಯ ಅಲ್ಲ.

ಮುಖ್ಯ ಏನಂದರೆ, ಫ್ಲೂ ನಂಬಿದ ದೇವರು ಎಂಥವನು? ಅರಿಸ್ಟಾಟಲ್ ಹೇಳಿದಂಥ ದೇವರು. ಪ್ರಾರ್ಥನೆ ಕೇಳಿಸಿಕೊಳ್ಳುವುದಿಲ್ಲ. ಪಾಪಪುಣ್ಯದ ಲೆಕ್ಕ ಇಡುವುದಿಲ್ಲ. ಸತ್ತ ಮೇಲೆ ಇನ್ನೊಂದು ಬದುಕಿದೆ ಅಂತ ಫ್ಲೂ ಕಡೆಗೂ ಒಪ್ಪಲಿಲ್ಲ, ಯಾವ ಧರ್ಮಕ್ಕೂ ಸೇರಲಿಲ್ಲ, 2010ರಲ್ಲಿ ತೀರಿಕೊಂಡರು. ನನ್ನನ್ನು ಪ್ರಶ್ನೆ ಕೇಳುವವರಲ್ಲಿ ಎಷ್ಟು ಜನಕ್ಕೆ ಈ ದೇವರು ಸಾಕು? ನಿಮ್ಮ ಮಗ ನಾಳೆ ಬಂದು “ಅಮ್ಮಾ, ದೇವರಿದ್ದಾನೆ, ಆದರೆ ಅವನಿಗೆ ನಮ್ಮ ಗೊಡವೆಯೇ ಇಲ್ಲ” ಅಂದರೆ ನಿಮಗೆ ಸಮಾಧಾನ ಆಗುತ್ತದಾ? ತರ್ಕದಿಂದ ಹೊರಟವರು ಸಾಮಾನ್ಯವಾಗಿ ಇಲ್ಲಿಯವರೆಗೆ ಬಂದು ನಿಲ್ಲುತ್ತಾರೆ.

ಪೂರ್ತಿ ದಾಟಿದವರೂ ಇದ್ದಾರೆ. ನಾರ್ನಿಯಾ ಕಥೆಗಳನ್ನು ಬರೆದ ಸಿ. ಎಸ್. ಲೂಯಿಸ್ ಅವರ ಕಥೆ ನನಗೆ ಬಹಳ ಇಷ್ಟ, ನಾನು ಅವರ ಮಾತನ್ನು ಒಪ್ಪದಿದ್ದರೂ. 9 ವರ್ಷದವರಿದ್ದಾಗ ತಾಯಿ ಕ್ಯಾನ್ಸರಿನಿಂದ ತೀರಿಕೊಂಡರು. ಹದಿಹರೆಯದಲ್ಲೇ ನಂಬಿಕೆ ಬಿಟ್ಟರು. ಮೊದಲ ಮಹಾಯುದ್ಧಕ್ಕೆ ಹೋದರು, ಕಂದಕಗಳಲ್ಲಿ ಇದ್ದರು, ಗಾಯಗೊಂಡರು, ನಾಸ್ತಿಕರಾಗಿಯೇ ವಾಪಸ್ಸು ಬಂದರು. (ಗುಂಡು ಹಾರುವ ಕಡೆ ನಾಸ್ತಿಕರು ಇರುವುದಿಲ್ಲ ಅನ್ನುವವರು ಇದನ್ನು ಗಮನಿಸಬೇಕು.) ಅಲ್ಲಿ ಬಾರದ ನಂಬಿಕೆ ಬಂದದ್ದು ಆಕ್ಸ್‌ಫರ್ಡ್‌ ಕಾಲೇಜಿನ ತಮ್ಮ ರೂಮಿನಲ್ಲಿ, 1929ರಲ್ಲಿ ಅಂತ ಅವರೇ ಬರೆದಿದ್ದಾರೆ. ಖುಷಿಯಿಂದ ಅಲ್ಲ, ಸೋತು ಮಂಡಿಯೂರಿದೆ, ಆ ರಾತ್ರಿ ಇಂಗ್ಲೆಂಡಿನಲ್ಲೇ ನನ್ನಷ್ಟು ಬೇಜಾರಿನಲ್ಲಿ ಮತಕ್ಕೆ ಬಂದವನು ಬೇರೆ ಇರಲಿಕ್ಕಿಲ್ಲ ಅನ್ನುತ್ತಾರೆ.

ಅದು ಬರೀ ದೇವರಿದ್ದಾನೆ ಅನ್ನುವಷ್ಟು. ಕ್ರೈಸ್ತರಾದದ್ದು 1931ರ ಸೆಪ್ಟೆಂಬರಿನಲ್ಲಿ. ಒಂದು ರಾತ್ರಿ ಕಾದಂಬರಿಕಾರ ಟೋಲ್ಕಿನ್ ಮತ್ತು ಇನ್ನೊಬ್ಬ ಸ್ನೇಹಿತರ ಜೊತೆ ಕಾಲೇಜಿನ ಕಾಲುದಾರಿಯಲ್ಲಿ ತಡರಾತ್ರಿವರೆಗೆ ಮಾತು. ಆಗಲೂ ಏನೂ ಇತ್ಯರ್ಥ ಆಗಲಿಲ್ಲ. ಕೆಲವು ದಿನಗಳ ನಂತರ ಅಣ್ಣನ ಮೋಟಾರ್ ಸೈಕಲ್ಲಿಗೆ ಜೋಡಿಸಿದ ಸೈಡ್‌ಕಾರಿನಲ್ಲಿ ಕೂತು ಮೃಗಾಲಯ ನೋಡೋಕೆ ಹೊರಟರು. ಹೊರಡುವಾಗ ಯೇಸು ದೇವರ ಮಗ ಅನ್ನುವ ನಂಬಿಕೆ ಇರಲಿಲ್ಲವಂತೆ. ಮೃಗಾಲಯ ಮುಟ್ಟುವಾಗ ಇತ್ತಂತೆ. ದಾರಿಯಲ್ಲಿ ಕೂತು ಯೋಚನೆ ಮಾಡಿದ್ದೂ ಇಲ್ಲ, ಉಕ್ಕಿ ಬಂದ ಭಾವನೆಯೂ ಇಲ್ಲ.

ನನಗೆ ಇದು ಸತ್ಯ ಅನ್ನಿಸುತ್ತದೆ. ಯಾಕೆ ಅಂದರೆ ನಂಬಿಕೆ ಹೀಗೇ ಬರುವುದು, ಹೀಗೇ ಹೋಗುವುದು. ನಾವು ತೀರ್ಮಾನ ಮಾಡಿ ತಂದುಕೊಳ್ಳುವ ವಸ್ತು ಅದಲ್ಲ. “ನೀನು ಸ್ವಲ್ಪ ನಂಬಿ ನೋಡು” ಅಂತ ಹೇಳುವವರಿಗೆ ನಾನು ಒಂದು ಕೆಲಸ ಕೊಡುತ್ತೇನೆ: ಪಕ್ಕದ ರೂಮಿನಲ್ಲಿ ಆನೆ ಇದೆ ಅಂತ ಈಗ, ಐದು ನಿಮಿಷ, ಮನಸಾರೆ ನಂಬಿ. ಇದೆ ಅಂತ ಬಾಯಲ್ಲಿ ಹೇಳಬಹುದು. ನಾಟಕ ಮಾಡಬಹುದು. ನಂಬೋಕಾಗುವುದಿಲ್ಲ. ನನ್ನ ಕಷ್ಟವೂ ಅದೇ. ಹಠ ಅಂತ ತಿಳಿಯಬೇಡಿ.

ಇದು 17ನೇ ಶತಮಾನದ ಫ್ರೆಂಚ್ ಗಣಿತಜ್ಞ, ಚಿಂತಕ ಪಾಸ್ಕಲ್‌ಗೆ ಚೆನ್ನಾಗಿ ಗೊತ್ತಿತ್ತು. ದೇವರಿದ್ದಾನೆ ಅಂತ ಪಣ ಕಟ್ಟು, ಗೆದ್ದರೆ ಎಲ್ಲವೂ ನಿನ್ನದು, ಸೋತರೆ ಹೋಗುವುದೇನೂ ಇಲ್ಲ ಅನ್ನುವ ಅವರ ವಾದ ಎಲ್ಲರಿಗೂ ಗೊತ್ತು. ಅದರ ಮುಂದಿನ ಮಾತು ಯಾರೂ ಹೇಳುವುದಿಲ್ಲ. ಸರಿ, ಲೆಕ್ಕ ಒಪ್ಪಿದೆ, ಆದರೂ ನನಗೆ ನಂಬೋಕಾಗುತ್ತಿಲ್ಲ ಅಂದರೆ? ಆಗ ಪಾಸ್ಕಲ್ ವಾದ ಬಿಟ್ಟು ಬೇರೆ ದಾರಿ ತೋರಿಸುತ್ತಾರೆ: ನಂಬಿದವರು ಮಾಡುವುದನ್ನೆಲ್ಲ ನೀನೂ ಮಾಡು, ಪವಿತ್ರ ಜಲ ತೆಗೆದುಕೋ, ಪೂಜೆ ಮಾಡಿಸು, ಮೆಲ್ಲಗೆ ಮನಸ್ಸು ಹಿಂದೆ ಬರುತ್ತದೆ. ಇದು ಅರ್ಧ ನಿಜ. ನಂಬುವವರ ನಡುವೆ, ಅವರು ಮಾಡಿದ್ದನ್ನೇ ಮಾಡುತ್ತಾ ವರ್ಷಗಟ್ಟಲೆ ಇದ್ದರೆ ಎಂಥ ವಿರೋಧವೂ ಸವೆಯುತ್ತದೆ. ಆದರೆ ಸವೆದು ಹೋದ ಅನುಮಾನ ನಂಬಿಕೆಯೇನಾ, ಸುಸ್ತಾ? ನನಗಂತೂ ಎರಡನೆಯದರ ಅನುಮಾನ ಜಾಸ್ತಿ.

ಇನ್ನು “ಕಷ್ಟ ಬಂದಾಗ ನೋಡೋಣ” ಅನ್ನುವವರಿಗೆ. ಭಗತ್ ಸಿಂಗ್‌ಗೂ ಇದನ್ನೇ ಹೇಳಿದ್ದರು, ಕೊನೆಯ ದಿನಗಳಲ್ಲಿ ನೀನು ನಂಬೋಕೆ ಶುರು ಮಾಡುತ್ತೀಯ ಅಂತ. ಹಾಗೆ ಮಾಡಿದರೆ ಅದು ತನಗೆ ಅವಮಾನ ಅಂತ 1930ರಲ್ಲಿ ಲಾಹೋರ್ ಜೈಲಿನಲ್ಲಿ ಕೂತು ಬರೆದರು. ಮರುವರ್ಷ ಮಾರ್ಚ್ 23ಕ್ಕೆ ಗಲ್ಲಿಗೇರಿದಾಗ ಅವರಿಗೆ 23 ವರ್ಷ. ಡಾರ್ವಿನ್ ಸಾಯುವ ಮುಂಚೆ ಬೈಬಲ್ ಹಿಡಿದು ಪಶ್ಚಾತ್ತಾಪ ಪಟ್ಟರು ಅನ್ನುವ ಕಥೆ ಈಗಲೂ ಓಡಾಡುತ್ತದೆ. ಅದು ಅಚ್ಚಾದದ್ದು 1915ರಲ್ಲಿ, ಡಾರ್ವಿನ್ ಸತ್ತು 33 ವರ್ಷದ ಮೇಲೆ. ಸುಳ್ಳು ಅಂತ ಸ್ವಂತ ಮಗಳೇ ಹೇಳಿದರೂ ಕಥೆ ನಿಲ್ಲಲಿಲ್ಲ. ಸಾಯುವವನ ಕೈಯಲ್ಲಿ ಕೊನೆಗೂ ಹೌದು ಅನ್ನಿಸಿದೆವು ಅನ್ನುವ ಖುಷಿ ಜನಕ್ಕೆ ಯಾಕೆ ಬೇಕೋ!

ಎ. ಜೆ. ಏಯರ್ ಅವರದ್ದು ಇನ್ನೂ ಮಜವಾಗಿದೆ. ದೇವರ ಬಗ್ಗೆ ಆಡುವ ಮಾತಿಗೇ ಅರ್ಥವಿಲ್ಲ ಅಂತ ಸಾರಿದ ತತ್ವಜ್ಞಾನಿ. 1988ರಲ್ಲಿ ಆಸ್ಪತ್ರೆಯಲ್ಲಿದ್ದಾಗ ಮೀನಿನ ತುಂಡು ಗಂಟಲಿಗೆ ಸಿಕ್ಕಿ ನಾಲ್ಕು ನಿಮಿಷ ಹೃದಯ ನಿಂತುಹೋಯಿತು. ಆಗ ಕಣ್ಣು ಕುಕ್ಕುವ ಕೆಂಪು ಬೆಳಕು ಕಂಡಿತಂತೆ. ವಿಶ್ವದ ಆಡಳಿತವೆಲ್ಲ ಅದರದ್ದೇ ಅಂತ ಅನ್ನಿಸಿತಂತೆ. ಅದರ ಕೈಕೆಳಗೆ ಆಕಾಶದ ಉಸ್ತುವಾರಿಗೆ ಇಬ್ಬರು ಮಂತ್ರಿಗಳು ಬೇರೆ! ಇಷ್ಟೆಲ್ಲ ಕಂಡ ಮನುಷ್ಯ ಎದ್ದು ಬಂದು ಬರೆದದ್ದೇನು? ಸಾವೇ ಕೊನೆ ಅನ್ನುವ ನನ್ನ ಖಾತ್ರಿ ಸ್ವಲ್ಪ ಸಡಿಲವಾಗಿದೆ, ದೇವರಿಲ್ಲ ಅನ್ನುವುದು ಸಡಿಲವಾಗಿಲ್ಲ ಅಂತ. ಆಮೇಲೆ ಮೊದಲನೆಯದನ್ನೂ ಇನ್ನಷ್ಟು ಬಿಗಿ ಮಾಡಿದರು. ಇದೇ ಬೆಳಕು ಇನ್ನೊಬ್ಬರಿಗೆ ಕಂಡಿದ್ದರೆ ಅವರ ಬದುಕೇ ಬದಲಾಗುತ್ತಿತ್ತೇನೋ. ಅನುಭವ ತಾನಾಗಿ ಏನನ್ನೂ ಹೇಳುವುದಿಲ್ಲ, ಅದಕ್ಕೆ ಅರ್ಥ ಹಚ್ಚುವವರು ನಾವು.

ಹಾಗಾಗಿ ಮನೆಯಲ್ಲಿ ನಾಸ್ತಿಕ ಮಗ ಇರುವವರಿಗೆ ನಾನು ಹೇಳುವುದಿಷ್ಟೆ: ಅವನ ಜೊತೆ ವಾದಕ್ಕೆ ಇಳಿಯಬೇಡಿ. ವಾದ ನಿಮಗಿಂತ ಚೆನ್ನಾಗಿ ಬಲ್ಲವರೇ ಅದನ್ನು ನೆಚ್ಚಿಕೊಳ್ಳಲಿಲ್ಲ. ಸುಮಾರು ಸಾವಿರ ವರ್ಷದ ಹಿಂದೆ ತರ್ಕಶಾಸ್ತ್ರದ ದೊಡ್ಡ ಪಂಡಿತ ಉದಯನಾಚಾರ್ಯರು ನ್ಯಾಯಕುಸುಮಾಂಜಲಿ ಅಂತ ಒಂದು ಇಡೀ ಗ್ರಂಥ ಬರೆದು ದೇವರಿದ್ದಾನೆ ಅಂತ ಸಾಧಿಸಿದರು. ದೇವರನ್ನು ಒಪ್ಪದ ಚಾರ್ವಾಕರು, ಬೌದ್ಧರು, ಮೀಮಾಂಸಕರು, ಯಾರನ್ನೂ ಬಿಡಲಿಲ್ಲ. ಅಷ್ಟೆಲ್ಲ ಮಾಡಿ ಕೊನೆಯಲ್ಲಿ ದೇವರನ್ನೇ ಕೇಳಿಕೊಂಡರು: ಇವರು ನಿನ್ನನ್ನು ಇಲ್ಲ ಅನ್ನುತ್ತಲೇ ನಿನ್ನನ್ನು ಬಹಳ ಯೋಚಿಸಿದ್ದಾರೆ, ಕಾಲ ಬಂದಾಗ ಇವರ ಮೇಲೂ ಕರುಣೆ ತೋರಿಸು ಅಂತ. ನನ್ನ ಎದುರಾಳಿ ಪಾಳಯದಲ್ಲಿ ನನಗೆ ತುಂಬ ಹಿಡಿಸಿದ ಮನುಷ್ಯ ಇವರು.

ಕೊನೆಗೆ ಪ್ರಶ್ನೆ ನನ್ನ ಕಡೆಗೇ ತಿರುಗುತ್ತದೆ. “ಸರಿ, ನಿನಗೆ ಏನು ತೋರಿಸಿದರೆ ನಂಬುತ್ತೀಯ?” ಪವಾಡ ಬೇಡ. ಪವಾಡ ಕಂಡರೆ ಇದು ಹೇಗಾಯಿತು ಅಂತ ಹುಡುಕೋಕೆ ಹೋಗುತ್ತೇನೆಯೇ ಹೊರತು ಕೈ ಮುಗಿಯುವುದಿಲ್ಲ. ನನ್ನನ್ನು ತಡೆದು ನಿಲ್ಲಿಸಿರುವುದು ಹಳೇ ಪ್ರಶ್ನೆಯೇ: ಇನ್ನೂ ಮಾತು ಬಾರದ ಮಗುವಿಗೆ ರಕ್ತದ ಕ್ಯಾನ್ಸರ್ ಯಾಕೆ ಬರುತ್ತದೆ? ಹಿಂದಿನ ಜನ್ಮದ ಕರ್ಮ ಅನ್ನುವುದು, ದೇವರ ಯೋಜನೆ ನಮಗೆ ತಿಳಿಯುವುದಿಲ್ಲ ಅನ್ನುವುದು, ಎರಡನ್ನೂ ಕೇಳಿದ್ದೇನೆ. ಮೊದಲನೆಯದು ಕ್ರೂರ ಅನ್ನಿಸುತ್ತದೆ, ಎರಡನೆಯದು ಉತ್ತರವೇ ಅಲ್ಲ. ಅದಕ್ಕೆ ಮೂರನೆಯದು ಯಾರ ಹತ್ತಿರವಾದರೂ ಇದ್ದರೆ ಹೇಳಿ, ಕೇಳೋಕೆ ನಾನು ತಯಾರಿದ್ದೇನೆ.