ಎರಡನೇ ಪ್ರೊಸೆಸರ್ ಪಕ್ಕದ ಖಾಲಿ ಜಾಗ

2006ರ ಶುರುವಿನಲ್ಲಿ ನಾನು ಬೆಂಗಳೂರಿನ ಎಸ್.ಪಿ. ರೋಡ್‌ನ ಒಂದು ಅಂಗಡಿಯಲ್ಲಿ ಕಂಪ್ಯೂಟರ್ ಜೋಡಿಸುವ ಕೆಲಸ ಮಾಡುತ್ತಿದ್ದೆ. ಪೀಣ್ಯದಿಂದ ಒಂದು ಆರ್ಡರ್ ಬಂತು. ಪಂಪ್ ತಯಾರಿಸುವ ಸಣ್ಣ ಕಂಪನಿ. ಪಂಪ್ ಒಳಗೆ ನೀರು ಹೇಗೆ ಹರಿಯುತ್ತದೆ ಅಂತ ಕಂಪ್ಯೂಟರ್‌ನಲ್ಲೇ ಲೆಕ್ಕ ಹಾಕಿ ನೋಡುವ ಸಾಫ್ಟ್‌ವೇರ್ ಅವರ ಹತ್ತಿರ ಇತ್ತು. ಒಂದು ಲೆಕ್ಕ ಮುಗಿಯೋಕೆ ಇಡೀ ರಾತ್ರಿ ಬೇಕಿತ್ತು. "ನಾಲ್ಕು ಕೋರ್ ಇರೋ ಮೆಷಿನ್ ಮಾಡಿಕೊಡಿ" ಅಂದರು ಅಲ್ಲಿನ ಡಿಸೈನ್ ಎಂಜಿನಿಯರ್ ಮೇಡಂ.

ಕೋರ್ ಅಂದರೆ ಪ್ರೊಸೆಸರ್ ಒಳಗೆ ಲೆಕ್ಕ ಹಾಕುವ ಒಂದೊಂದು ಘಟಕ. ಆಗಿನ್ನೂ ಇಂಥ ಮೆಷಿನ್‌ಗೆ ಒಂದೇ ಪ್ರೊಸೆಸರ್‌ನಲ್ಲಿ ನಾಲ್ಕು ಕೋರ್ ಸಿಗುತ್ತಿರಲಿಲ್ಲ. ಎಎಂಡಿ ಕಂಪನಿಯ ಡ್ಯುಯಲ್ ಕೋರ್ (ಎರಡು ಕೋರ್‌ನ) ಆಪ್ಟೆರಾನ್ ಪ್ರೊಸೆಸರ್ ಬಂದದ್ದೇ 2005ರ ಏಪ್ರಿಲ್‌ನಲ್ಲಿ. ನಾಲ್ಕು ಬೇಕು ಅಂದರೆ ಎರಡು ಸಾಕೆಟ್ (ಪ್ರೊಸೆಸರ್ ಕೂರಿಸುವ ಜಾಗ) ಇರುವ ಬೋರ್ಡ್ ತಗೊಂಡು ಎರಡು ಡ್ಯುಯಲ್ ಕೋರ್ ಹಾಕಬೇಕು.

ಪ್ರೊಸೆಸರ್ ವಿಚಾರದಲ್ಲಿ ನನಗೆ ಹೆಚ್ಚು ಗೊಂದಲ ಇರಲಿಲ್ಲ. ಆಗ ಸಿಗುತ್ತಿದ್ದ ಇಂಟೆಲ್‌ನ ಡ್ಯುಯಲ್ ಕೋರ್ ಜಿಯಾನ್ 2.8 ಗಿಗಾಹರ್ಟ್ಸ್‌ನದು. ಗಿಗಾಹರ್ಟ್ಸ್ ಜಾಸ್ತಿ, ಬಿಸಿಯೂ ಜಾಸ್ತಿ. ಅದಕ್ಕಿಂತ ಮುಖ್ಯವಾಗಿ, ಎರಡು ಜಿಯಾನ್‌ಗಳ ನಾಲ್ಕೂ ಕೋರ್‌ಗಳು ಒಂದೇ 800 ಮೆಗಾಹರ್ಟ್ಸ್ ಬಸ್ (ಮೆಮೊರಿ ಕಡೆಗಿನ ದಾರಿ) ಹಂಚಿಕೊಳ್ಳಬೇಕಿತ್ತು. ಅಂದರೆ ಎಲ್ಲಕ್ಕೂ ಸೇರಿ ಸೆಕೆಂಡಿಗೆ 6.4 ಜಿಬಿ. ಆಪ್ಟೆರಾನ್‌ನಲ್ಲಿ ಮೆಮೊರಿಯ ಓದು ಬರಹ ನೋಡಿಕೊಳ್ಳುವ ಮೆಮೊರಿ ಕಂಟ್ರೋಲರ್ ಪ್ರೊಸೆಸರ್ ಒಳಗೇ ಇದೆ. ಪ್ರತಿ ಪ್ರೊಸೆಸರ್‌ಗೂ ಅದರದ್ದೇ 6.4 ಜಿಬಿ ದಾರಿ. ನೀರಿನ ಹರಿವಿನ ಲೆಕ್ಕದಲ್ಲಿ ಕೋರ್‌ಗಳು ಕೂಡುವುದು ಕಳೆಯುವುದಕ್ಕಿಂತ ಮೆಮೊರಿಯಿಂದ ಅಂಕಿ ಬರಲಿ ಅಂತ ಕಾಯುವುದೇ ಜಾಸ್ತಿ. ಹಾಗಾಗಿ ಎರಡು ಆಪ್ಟೆರಾನ್ 270 ಬರೆದೆ. ತಲಾ 2 ಗಿಗಾಹರ್ಟ್ಸ್.

(ಆ ನಂಬರ್‌ನ ಮೊದಲ ಅಂಕಿ ಗೊತ್ತಿರಬೇಕು. 1 ಇದ್ದರೆ ಒಂದೇ ಸಾಕೆಟ್‌ಗೆ, 2 ಇದ್ದರೆ ಎರಡರವರೆಗೆ, 8 ಇದ್ದರೆ ಎಂಟರವರೆಗೆ. ಕಡಿಮೆ ಬೆಲೆಗೆ ಸಿಕ್ಕಿತು ಅಂತ 100 ಸರಣಿಯ ಎರಡು ತಂದು ಎರಡು ಸಾಕೆಟ್‌ಗೆ ಹಾಕಿದರೆ ನಡೆಯಲ್ಲ. ಪ್ರೊಸೆಸರ್‌ಗಳು ಒಂದರ ಜೊತೆ ಒಂದು ಮಾತಾಡುವ ಕೊಂಡಿಯೇ ಅದರಲ್ಲಿ ಇಲ್ಲ.)

ತಪ್ಪಿದ್ದು ಬೋರ್ಡ್‌ನಲ್ಲಿ. ಬಜೆಟ್ ಬಿಗಿಯಾಗಿತ್ತು. ಎರಡು ಸಾಕೆಟ್‌ನ ಬೋರ್ಡ್‌ಗಳಲ್ಲಿ ಅಗ್ಗದ್ದೊಂದು ಸಿಕ್ಕಿತು. ಸಾಕೆಟ್ 940, ನಾಲ್ಕು ರ‍್ಯಾಮ್ ಸ್ಲಾಟ್, ಸಾಮಾನ್ಯ ಕ್ಯಾಬಿನೆಟ್‌ಗೇ ಕೂರುವ ಸೈಜ್. ನಮಗೆ ಬೇಕಿದ್ದದ್ದು 4 ಜಿಬಿ. 1 ಜಿಬಿಯ ನಾಲ್ಕು ರಿಜಿಸ್ಟರ್ಡ್ ಇಸಿಸಿ (ಸರ್ವರ್‌ಗೆ ಬಳಸುವ ಬಗೆಯ) ಕಡ್ಡಿ ಹಾಕಿದರೆ ಆಯಿತು. ಎಲ್ಲ ಸರಿ ಹೊಂದಿತು ಅಂತ ಕೊಟೇಶನ್ ಕಳಿಸಿದೆ.

ಮೆಷಿನ್ ಆನ್ ಆಯಿತು, ನಾಲ್ಕು ಕೋರ್ ಕಾಣಿಸಿದವು. ಒಂದು ವಾರ ಬಿಟ್ಟು ಮೇಡಂ ಫೋನ್ ಮಾಡಿದರು. ಬೇಸರದ ದನಿ ಅಲ್ಲ, ಅರ್ಥವಾಗದ ದನಿ. "ಎರಡು ಕೋರ್‌ನಲ್ಲಿ ಓಡಿಸಿದಾಗ 11 ಗಂಟೆ ತಗೊಂಡ ಕೇಸ್, ನಾಲ್ಕರಲ್ಲಿ 9 ಗಂಟೆ ತಗೋತಿದೆ ಸರ್. ಅರ್ಧ ಆಗ್ಬೇಕಿತ್ತು ಅಲ್ವಾ?"

ನಾನು ಪೀಣ್ಯಕ್ಕೆ ಹೋದೆ. ಬಿಸಿ ನೋಡಿದೆ, ಬಯಾಸ್ (ಬೋರ್ಡ್‌ನಲ್ಲೇ ಇರುವ ಮೂಲ ಸಾಫ್ಟ್‌ವೇರ್) ನೋಡಿದೆ, ರ‍್ಯಾಮ್ ಟೆಸ್ಟ್ ಓಡಿಸಿದೆ. ಯಾವುದರಲ್ಲೂ ದೋಷ ಇರಲಿಲ್ಲ. ಸಂಜೆ ಹೊತ್ತಿಗೆ ಸೈಡ್ ಪ್ಯಾನೆಲ್ ತೆಗೆದು ಸುಮ್ನೆ ಬೋರ್ಡ್ ನೋಡುತ್ತಾ ಕೂತೆ. ಮೊದಲ ಪ್ರೊಸೆಸರ್ ಪಕ್ಕದಲ್ಲಿ ನಾಲ್ಕು ಸ್ಲಾಟ್, ನಾಲ್ಕೂ ತುಂಬಿವೆ. ಎರಡನೇ ಪ್ರೊಸೆಸರ್ ಪಕ್ಕದಲ್ಲಿ ಏನೂ ಇಲ್ಲ. ಬರಿ ಹಸಿರು ಬೋರ್ಡ್, ನಾಲ್ಕಾರು ಕೆಪ್ಯಾಸಿಟರ್.

ಮ್ಯಾನುಯಲ್‌ನ ಶುರುವಿನ ಪುಟಗಳಲ್ಲೇ ಬ್ಲಾಕ್ ಡಯಾಗ್ರಾಂ ಇತ್ತು. ಡಬ್ಬಿ ಒಡೆದ ದಿನ ನಾನು ಅದನ್ನು ತೆರೆದಿರಲಿಲ್ಲ. ಆ ಚಿತ್ರದಲ್ಲಿ ಎರಡನೇ ಪ್ರೊಸೆಸರ್‌ನಿಂದ ಒಂದೇ ಗೆರೆ ಹೊರಡುತ್ತಿತ್ತು, ಅದೂ ಮೊದಲ ಪ್ರೊಸೆಸರ್ ಕಡೆಗೆ. ಮೆಮೊರಿಯ ಗೆರೆಯೇ ಇಲ್ಲ. ಎರಡನೆಯದು ಏನೇ ಓದಬೇಕಾದರೂ ಎರಡನ್ನೂ ಬೆಸೆಯುವ ಹೈಪರ್‌ಟ್ರಾನ್ಸ್‌ಪೋರ್ಟ್ ಕೊಂಡಿ ದಾಟಿ ಮೊದಲನೆಯದರ ಬಾಗಿಲಲ್ಲಿ ಕಾಯಬೇಕು. ಎರಡನೆಯದರೊಳಗಿನ ಮೆಮೊರಿ ಕಂಟ್ರೋಲರ್ ಸುಮ್ನೆ ಕೂತಿತ್ತು. ನಾಲ್ಕು ಕೋರ್‌ಗೂ ಸೇರಿ ಸಿಗುತ್ತಿದ್ದದ್ದು 6.4 ಜಿಬಿ. ಯಾವ ಕಾರಣಕ್ಕೆ ಜಿಯಾನ್ ಬೇಡ ಅಂದಿದ್ದೆನೋ, ಅದೇ ಇಕ್ಕಟ್ಟನ್ನು ಬೋರ್ಡ್ ಮೂಲಕ ನಾನೇ ವಾಪಸ್ ತಂದಿದ್ದೆ.

ಮೇಡಂಗೆ ಚಿತ್ರ ತೋರಿಸಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅಂಗಡಿ ಯಜಮಾನರಿಗೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೋರ್ಡ್ ಬದಲಾಯಿಸಿಕೊಡು, ಖರ್ಚು ನಮ್ಮದು" ಅಂದರು. ಆ ಮಾತಿಗೆ ನಾನು ಇವತ್ತಿಗೂ ಋಣಿ.

ಎರಡನೇ ಸಲ ಕೊಳ್ಳುವ ಮೊದಲು ಮ್ಯಾನುಯಲ್ ಇಳಿಸಿಕೊಂಡು ಓದಿದೆ. ಎಂಟು ಸ್ಲಾಟ್, ಪ್ರತಿ ಪ್ರೊಸೆಸರ್‌ಗೆ ನಾಲ್ಕು. ಸೈಜ್ 12 ಇಂಚು ಅಗಲ, 13 ಇಂಚು ಉದ್ದ. ಹಳೆಯ ಕ್ಯಾಬಿನೆಟ್‌ನಲ್ಲಿ ಹಾರ್ಡ್ ಡಿಸ್ಕ್ ಕೂರಿಸುವ ಜಾಗಕ್ಕೆ ಬೋರ್ಡ್ ತಾಗುತ್ತಿತ್ತು, ಹಾಗಾಗಿ ಕ್ಯಾಬಿನೆಟ್ ಬದಲು. ಪ್ರೊಸೆಸರ್‌ಗೆ 8 ಪಿನ್ ಪವರ್ ಬೇಕು, ಹಾಗಾಗಿ ಎಸ್‌ಎಂಪಿಎಸ್ (ಪವರ್ ಸಪ್ಲೈ) ಬದಲು. ಡ್ಯುಯಲ್ ಕೋರ್ ಬರುವುದಕ್ಕೆ ಮುಂಚೆ ತಯಾರಾದ ಬೋರ್ಡ್‌ಗಳಿಗೆ ಹೊಸ ಬಯಾಸ್ ಬೇಕಾಗುತ್ತಿತ್ತು, ಅದನ್ನು ಡೀಲರ್ ಹತ್ತಿರವೇ ಕೇಳಿ ಹಾಕಿಸಿಕೊಂಡೆ.

ರ‍್ಯಾಮ್ ಮಾತ್ರ ಅದೇ ನಾಲ್ಕು ಕಡ್ಡಿ. ಎರಡು ಇತ್ತ, ಎರಡು ಅತ್ತ. ಪ್ರತಿ ಪ್ರೊಸೆಸರ್‌ಗೂ ಒಂದು ಜೋಡಿ ಇರಲೇಬೇಕು, ಜೋಡಿ ಇದ್ದರೇನೇ ಎರಡು ಚಾನೆಲ್ (ಮೆಮೊರಿಯ ದಾರಿ) ತೆರೆಯುವುದು. ಬಯಾಸ್‌ನಲ್ಲಿ ನೋಡ್ ಇಂಟರ್‌ಲೀವ್ ಅನ್ನುವುದನ್ನು ಆಫ್ ಮಾಡಿದೆ. ಅದು ಆನ್ ಇದ್ದರೆ ಮೆಮೊರಿ ಎರಡೂ ಕಡೆ ಕಲಸಿಹೋಗಿ, ಯಾವುದು ಯಾರ ಹತ್ತಿರ ಇದೆ ಅಂತ ಆಪರೇಟಿಂಗ್ ಸಿಸ್ಟಂಗೆ ತಿಳಿಯುವುದಿಲ್ಲ. ಅದೇ ಪ್ರೊಸೆಸರ್, ಅದೇ ರ‍್ಯಾಮ್, ಅದೇ ಲೆಕ್ಕ. ಮರುದಿನ ಬೆಳಿಗ್ಗೆ ಮೇಡಂ ಫೋನ್: ಪೂರ್ತಿ ಆರು ಗಂಟೆಯೂ ತಗೊಳ್ಳದೆ ಮುಗಿದಿತ್ತು.

ಅದೇ ವರ್ಷ ಜೂನ್‌ನಲ್ಲಿ ಜಿಯಾನ್ 5100 ಬಂತು. ಕೋರ್ ಲೆಕ್ಕದಲ್ಲಿ ಅದು ಆಪ್ಟೆರಾನ್‌ಗಿಂತ ಚುರುಕು, ಆಮೇಲಿನ ಬಹಳ ಆರ್ಡರ್‌ಗಳಿಗೆ ನಾನು ಅದನ್ನೇ ಬರೆದೆ. ಅದರಲ್ಲಿ ಮೆಮೊರಿ ಯಾವ ಪ್ರೊಸೆಸರ್ ಪಕ್ಕ ಅನ್ನುವ ಪ್ರಶ್ನೆ ಇಲ್ಲ, ಕಂಟ್ರೋಲರ್ ಬೋರ್ಡ್ ಮೇಲಿನ ಚಿಪ್‌ಸೆಟ್‌ನಲ್ಲಿತ್ತು. ಆದರೆ ಒಳ್ಳೆಯ ಬೋರ್ಡ್‌ಗಳಲ್ಲಿ ನಾಲ್ಕು ಚಾನೆಲ್ ಇದ್ದವು. 2 ಜಿಬಿಯ ಎರಡು ಕಡ್ಡಿ ಹಾಕಿದರೆ ಎರಡು ಚಾನೆಲ್ ಖಾಲಿ. 1 ಜಿಬಿಯ ನಾಲ್ಕು ಹಾಕಿದರೆ ಎಲ್ಲವೂ ಕೆಲಸಕ್ಕೆ. ಆ ಜಿಯಾನ್‌ಗೆ ಬೇಕಿದ್ದ ಎಫ್‌ಬಿ-ಡಿಮ್ ಅನ್ನುವ ಬಗೆಯ ಕಡ್ಡಿಗಳು ಕೈ ಸುಡುವಷ್ಟು ಬಿಸಿಯಾಗುತ್ತಿದ್ದವು, ಅವುಗಳ ಮೇಲೆ ಗಾಳಿ ಹೋಗುವಂತೆ ಒಂದು ಫ್ಯಾನ್ ಬೇಕೇ ಬೇಕಿತ್ತು.

ಈಗ ನಾನು ಸರ್ವರ್ ಕೆಲಸದಲ್ಲಿದ್ದೇನೆ. 2022ರಲ್ಲಿ ಬಂದ ಎಎಂಡಿಯ ಎಪಿಕ್ ಪ್ರೊಸೆಸರ್‌ಗಳಲ್ಲಿ ಪ್ರತಿ ಸಾಕೆಟ್‌ಗೆ 12 ಚಾನೆಲ್. ಎರಡು ಸಾಕೆಟ್, ನೂರಕ್ಕೂ ಮೇಲೆ ಕೋರ್, ಆದರೆ ದೊಡ್ಡ ಸೈಜಿನ ನಾಲ್ಕೇ ಕಡ್ಡಿ ಅಂತ ಬರೆದ ಕೊಟೇಶನ್ ಈಗಲೂ ನನ್ನ ಟೇಬಲ್‌ಗೆ ಬರುತ್ತದೆ. ಬರೆದವರನ್ನು ಕರೆದು ಕೂರಿಸಿಕೊಂಡು, ಮ್ಯಾನುಯಲ್ ತೆರೆದು ಬ್ಲಾಕ್ ಡಯಾಗ್ರಾಂ ತೋರಿಸುತ್ತೇನೆ. ಪ್ರತಿ ಪ್ರೊಸೆಸರ್‌ನಿಂದ ಮೆಮೊರಿಗೆ ಹೋಗುವ ಗೆರೆಗಳನ್ನು ಪೆನ್ಸಿಲ್‌ನಲ್ಲಿ ಅವರೇ ಎಣಿಸಬೇಕು.

ಪೀಣ್ಯದಿಂದ ವಾಪಸ್ ಬಂದ ಬೋರ್ಡ್ ಹಾಳಾಗಲಿಲ್ಲ. ಕೆಲವು ತಿಂಗಳ ನಂತರ ಒಂದು ಪ್ರಿಂಟಿಂಗ್ ಪ್ರೆಸ್‌ನವರು ಫೈಲ್ ಸರ್ವರ್ ಕೇಳಿದರು. ಅಲ್ಲಿ ಕೆಲಸವೆಲ್ಲ ಡಿಸ್ಕ್ ಮತ್ತು ನೆಟ್‌ವರ್ಕ್‌ನದು, ಮೆಮೊರಿಯ ಕಡೆ ಇಕ್ಕಟ್ಟಿಲ್ಲ. ಒಂದೇ ಪ್ರೊಸೆಸರ್ ಹಾಕಿ, ಎರಡನೇ ಸಾಕೆಟ್ ಖಾಲಿ ಬಿಟ್ಟು ಕೊಟ್ಟೆ. ವರ್ಷಗಟ್ಟಲೆ ಚೆನ್ನಾಗಿ ಓಡಿತು.